ದಡಾರವೆಂಬ ‘ಚಿಕ್ಕ ರೋಗ’

ಮಗುವಿನ ಮೈಮೇಲೆ ದದ್ದು ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುವುದು ನಮ್ಮ ಗ್ರಾಮಗಳ ರೂಢಿ. ಸಿಡುಬು, ಸೀತಾಳೆ ಸಿಡುಬು, ದಡಾರಗಳು ಮೂರೂ ಈ ಒಂದೇ ಮಾತಿನಲ್ಲಿ ಅಡಗಿದ್ದವು. ಇವುಗಳಲ್ಲಿ ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿಸಲಾಯಿತು. ದಡಾರವಾದರೋ ಇನ್ನೂ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ‘ಗೊಬ್ಬರ’ವೆಂಬ ಹೆಸರೂ ಉಂಟು, ಮರಾಠಿಗರು ‘ಗೋವರ’ ಎನ್ನುವರು. ಹೊಲದ ಗೊಬ್ಬರಕ್ಕೂ ಇದಕ್ಕೂ ಏನು ನಂಟೆಂದು ಹೊರಗಿನವರು ಬೆರಗಾಗುವುದುಂಟು.

ಇಂಗ್ಲಿಷಿನಲ್ಲಿಯೂ ಗೊಂದಲವೇನೂ ಕಡಿಮೆಯಿಲ್ಲ. ‘ಮೀಸಲ್ಸ್’ ಎಂಬ ಶಬ್ದವು ಹಂದಿಯ ಮಾಂಸದಲ್ಲಿ ಕಾಣುವ ಲಾಡಿಹುಳುವಿನ ಮರಿಗಳಿಗೂ ಸಲ್ಲುತ್ತದೆ. ‘ಜರ್ಮನ್ ಮೀಸಲ್ಸ್’ ಎಂಬುದು ಬೇರೆಯೇ ವೈರಾಣುವಿನಿಂದ ಬರುವ ರುಬೆಲ್ಲಾ ರೋಗ. ‘ಮೀಸ್ಲಿ’ ಎಂದರೆ ಕ್ಷುಲ್ಲಕ. ಲ್ಯಾಟಿನ್ನಿನ ‘ಮಾರ್ಬಿಲ್ಲಿ’ ಎಂಬ ಹೆಸರಿಗಂತೂ ‘ಚಿಕ್ಕ ರೋಗ’ವೆಂದೇ ಅರ್ಥ.

ಚಿಕ್ಕದೆಂಬುದು ಹೆಸರಿಗೆ ಮಾತ್ರ. 1846ರಲ್ಲಿ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳನ್ನು ಈ ರೋಗ ಹೊಕ್ಕಾಗ, ಅಲ್ಲಿನ 7,782 ಜನರಲ್ಲಿ ಸುಮಾರು 6,000 ಮಂದಿ ಹಾಸಿಗೆ ಹಿಡಿದರು. 1781ರ ಹಾವಳಿಯಲ್ಲಿ ಒಮ್ಮೆ ನರಳಿದ್ದ ವೃದ್ಧರು ಮಾತ್ರ 65 ವರ್ಷಗಳ ತರುವಾಯವೂ ಬಾಧೆಗೊಳಗಾಗಲಿಲ್ಲ. ಇದನ್ನು ಕಂಡು ದಾಖಲಿಸಿದವನು ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್. ಸೋಂಕು ತಗುಲಿದ 13-14 ದಿನಗಳಿಗೆ ದದ್ದು ಏಳುವುದೆಂದು ಲೆಕ್ಕವಿಟ್ಟು ತೋರಿಸಿದವನೂ ಆತನೇ. 1875ರಲ್ಲಿ ಫಿಜಿ ದ್ವೀಪಗಳಲ್ಲಿ ಇದೇ ‘ಚಿಕ್ಕ ರೋಗ’ವು ಸುಮಾರು 40,000 ಜನರನ್ನು ಬಲಿ ತೆಗೆದುಕೊಂಡಿತು.

ಶಾಲೆ ಹಾಗೂ ವಿದ್ಯಾರ್ಥಿನಿಲಯಗಳನ್ನು ನಡೆಸುವವರು ತಿಳಿದಿರಬೇಕಾದ ಸಂಗತಿಯೊಂದುಂಟು. ಮೊದಲು ಕಾಣುವುದು ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು. ದದ್ದು ಏಳುವುದು ಆಮೇಲೆ. ಆದರೆ ದದ್ದು ಏಳುವುದಕ್ಕೆ ನಾಲ್ಕು ದಿನ ಮೊದಲೇ ರೋಗಿಯಿಂದ ಸೋಂಕು ಹರಡತೊಡಗಿರುತ್ತದೆ. ಆತನು ಎದ್ದುಹೋದ ಕೊಠಡಿಯ ಗಾಳಿಯಲ್ಲಿ ವೈರಾಣುವು ಎರಡು ಗಂಟೆಗಳವರೆಗೂ ಉಳಿಯಬಲ್ಲದು. ರಕ್ಷಣೆಯಿಲ್ಲದ ಹತ್ತು ಮಕ್ಕಳು ಬಳಿಯಿದ್ದರೆ ಒಂಬತ್ತು ಮಂದಿಗೆ ತಗುಲುತ್ತದೆ. ರೋಗದ ಗುರುತು ಹತ್ತುವಷ್ಟರಲ್ಲಿ ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಂಡವರಿಗೆಲ್ಲ ಅದು ದಾಟಿರುತ್ತದೆ. ನ್ಯೂಮೋನಿಯಾ, ಅತಿಸಾರ, ಅಪರೂಪಕ್ಕೆ ಮಿದುಳಿನ ಉರಿಯೂತ ಇದರ ಬೆನ್ನಿಗೆ ಬರುತ್ತವೆ. ಪೋಷಣೆಯಿಲ್ಲದ ಮಕ್ಕಳಲ್ಲಿ ಕುರುಡುತನವೂ ಉಂಟಾದೀತು.

ಇದಕ್ಕೆ ಲಸಿಕೆ ದೊರೆತದ್ದು 1963ರಲ್ಲಿ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದೊಳಗೆ ಅದು 1985ರಲ್ಲಿ ಸೇರಿತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಜಂಟಿ ಲಸಿಕೆಯ ಅಭಿಯಾನ ಆರಂಭವಾದಾಗ ಮೊದಲ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದ್ದಿತು. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24ನೆಯ ತಿಂಗಳ ನಡುವೆ ಮತ್ತೊಮ್ಮೆ ಇದನ್ನು ಹಾಕಿಸಬೇಕು.

ಹೆಸರಿನ ಗೊಂದಲ ತೊಡಕಾಗುವುದು ಇಲ್ಲಿಯೇ. ‘ನಮ್ಮ ಹುಡುಗನಿಗೆ ಅಮ್ಮ ಬಂದು ಹೋಗಿದೆ, ಇನ್ನು ಭಯವಿಲ್ಲ’ ಎಂದು ಪಾಲಕರು ನುಡಿಯುವುದುಂಟು. ಬಂದುಹೋದದ್ದು ಸೀತಾಳೆ ಸಿಡುಬಾಗಿದ್ದರೆ ದಡಾರದಿಂದ ಅವನಿಗೆ ಯಾವ ರಕ್ಷಣೆಯೂ ದೊರೆತಿರುವುದಿಲ್ಲ. ಆದುದರಿಂದ ಪ್ರವೇಶದ ವೇಳೆ ಬಾಯಿಮಾತನ್ನು ನೆಚ್ಚದೆ, ಲಸಿಕೆಯ ಚೀಟಿಯಲ್ಲಿ ಎರಡೂ ಬಾರಿಯ ದಿನಾಂಕಗಳಿವೆಯೇ ಎಂದು ನೋಡತಕ್ಕದ್ದು.