ಇಂಟರ್‌ಫೇಸ್ ಯಾವುದು, ಕ್ಲಾಸ್ ಯಾವುದು: ಜನರೇಟರ್‌ಗೆ ಹೇಳುವವರು ಯಾರು?

ಯುಎಂಎಲ್ ಚಿತ್ರದಲ್ಲಿ ಕ್ಲಾಸೂ ಒಂದು ಆಯತ, ಇಂಟರ್‌ಫೇಸೂ ಒಂದು ಆಯತ. ಎರಡನೆಯದರ ಹೆಸರಿನ ಮೇಲೆ «ಇಂಟರ್‌ಫೇಸ್» ಎಂಬ ಪದವಿರುತ್ತದೆ, ಅಷ್ಟೇ. ನೋಡುವ ಮನುಷ್ಯರಿಗೆ ಅಷ್ಟು ಸಾಕು. ಆದರೆ ಆ ಮಾಡೆಲ್‌ನಿಂದ ಕೋಡ್ ಹೊರಡಿಸುವ ಜನರೇಟರ್‌ಗೆ ಚಿತ್ರ ಕಾಣುವುದಿಲ್ಲ. ಚಿತ್ರದ ಹಿಂದಿನ ಕಡತದಲ್ಲಿ ಆ ಆಯತ ಯಾವ ಬಗೆಯದೆಂದು ದಾಖಲಾಗಿದೆಯೋ ಅದನ್ನಷ್ಟೇ ಅದು ನಂಬುತ್ತದೆ.

ಈ ಭೇದ ತಪ್ಪಿದರೆ ಜಾವಾದಲ್ಲಿ ಪೆಟ್ಟು ಕೂಡಲೇ ಬೀಳುತ್ತದೆ. ಅಲ್ಲಿ ಒಂದು ಕ್ಲಾಸ್‌ಗೆ ಪೋಷಕ ಕ್ಲಾಸ್ ಒಂದೇ. ಇಂಟರ್‌ಫೇಸ್‌ಗಳು ಎಷ್ಟಾದರೂ ಇರಬಹುದು. 2014ರ ಜಾವಾ 8 ಇಂಟರ್‌ಫೇಸ್‌ನೊಳಗೂ ಮೆಥಡ್‌ನ ಒಡಲು ಬರೆಯಲು ಅವಕಾಶ ಕೊಟ್ಟಿತು. ಆದರೂ ಪ್ರತಿ ಆಬ್ಜೆಕ್ಟ್‌ಗೂ ಬೇರೆಬೇರೆಯಾಗಿ ಉಳಿಯಬೇಕಾದ ಮೌಲ್ಯಗಳನ್ನು ಇಂಟರ್‌ಫೇಸ್ ಇಟ್ಟುಕೊಳ್ಳಲಾರದು. ಗೆರೆ ತೆಳುವಾಯಿತು, ಅಳಿಸಿಹೋಗಲಿಲ್ಲ.

ಮಾಡೆಲಿಂಗ್ ಜಗತ್ತು ಈ ಗೆರೆಯನ್ನು ಎರಡು ರೀತಿ ಎಳೆದಿದೆ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 1997ರಲ್ಲಿ ಮಾನಕವಾಗಿ ಅಂಗೀಕರಿಸಿದ ಯುಎಂಎಲ್‌ನಲ್ಲಿ ಎರಡೂ ಕ್ಲಾಸಿಫೈಯರ್ ಎಂಬ ಸಾಮಾನ್ಯ ಬಗೆಯ ಮಕ್ಕಳು, ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಹಾಗಾಗಿ ‘ಪ್ರತಿ ಕ್ಲಾಸ್‌ಗೂ ಒಂದು ಫೈಲ್’ ಎಂದು ಬರೆದ ಟೆಂಪ್ಲೇಟ್ ಇಂಟರ್‌ಫೇಸ್‌ಗಳನ್ನು ಮುಟ್ಟುವುದೇ ಇಲ್ಲ. ಅದು ಬೇಗ ಕಣ್ಣಿಗೆ ಬೀಳುವ ತಪ್ಪು. ಹೆಚ್ಚು ಕಾಡುವುದು ಅದರ ಇನ್ನೊಂದು ಮಗ್ಗುಲು. ಯುಎಂಎಲ್ 2ರಲ್ಲಿ ಕ್ಲಾಸ್‌ನ ವಂಶ ತುಂಬ ದೊಡ್ಡದು: ಕಾಂಪೊನೆಂಟ್ ಅದರ ಸಂತಾನ, ಅಸೋಸಿಯೇಷನ್ ಕ್ಲಾಸ್ ಅದರ ಸಂತಾನ, ಸ್ಟೇಟ್ ಮಷೀನ್ ಮತ್ತು ಆಕ್ಟಿವಿಟಿ ಕೂಡ. ಅದೇ ಟೆಂಪ್ಲೇಟ್ ಹರಿಸಿದರೆ ಸ್ಟೇಟ್ ಮಷೀನ್‌ಗೂ ಒಂದು ಖಾಲಿ ಜಾವಾ ಕ್ಲಾಸ್ ಹುಟ್ಟಿಕೊಳ್ಳುತ್ತದೆ. ‘ಈ ವಂಶದ್ದೇ?’ ಎಂದು ಕೇಳುವ ಬದಲು ‘ಸಾಕ್ಷಾತ್ ಕ್ಲಾಸೇ?’ ಎಂದು ಕೇಳಬಹುದು. ಮಾಡೆಲ್ ಕುರಿತ ನಿಯಮ, ಪ್ರಶ್ನೆಗಳನ್ನು ಬರೆಯುವ ಭಾಷೆಯಾದ ಒಸಿಎಲ್‌ನಲ್ಲಿ ಎರಡಕ್ಕೂ ಬೇರೆಬೇರೆ ಪ್ರಶ್ನೆಗಳಿವೆ. ಆದರೆ ಹಾಗೆ ಕೇಳಿದರೆ ಬೇಕಾಗಿದ್ದ ಕಾಂಪೊನೆಂಟ್ ಕೂಡ ಹೊರಗುಳಿಯುತ್ತದೆ. ಯಾವುದಕ್ಕೆ ಕೋಡ್ ಬೇಕೆಂಬುದನ್ನು ಟೆಂಪ್ಲೇಟ್ ಬರೆಯುವವರು ಒಂದೊಂದಾಗಿ ಕೂತು ತೀರ್ಮಾನಿಸಲೇಬೇಕು. ಇದಕ್ಕೆ ಅಡ್ಡದಾರಿ ಇದೆಯೆಂದು ನನಗನ್ನಿಸುವುದಿಲ್ಲ.

ಎಕ್ಲಿಪ್ಸ್‌ನ ಮಾಡೆಲಿಂಗ್ ಚೌಕಟ್ಟಾದ ಇಎಂಎಫ್ ಬೇರೆ ಹಾದಿ ಹಿಡಿಯಿತು. ಅದರ ಮಾಡೆಲ್‌ಗಳನ್ನು ಬರೆಯುವ ಭಾಷೆಯಾದ ಈಕೋರ್‌ನಲ್ಲಿ ಇಂಟರ್‌ಫೇಸ್ ಎಂಬ ಪ್ರತ್ಯೇಕ ಬಗೆಯೇ ಇಲ್ಲ. ಇರುವುದು ‘ಇ-ಕ್ಲಾಸ್’ ಒಂದೇ, ಅದರ ಮೇಲೆ ‘ಅಬ್‌ಸ್ಟ್ರ್ಯಾಕ್ಟ್’, ‘ಇಂಟರ್‌ಫೇಸ್’ ಎಂಬ ಎರಡು ಹೌದು-ಅಲ್ಲ ಗುರುತುಗಳು. ಮಾಡೆಲ್‌ನಲ್ಲಿ ‘ಬುಕ್’ ಎಂಬ ಸಾಮಾನ್ಯ ಇ-ಕ್ಲಾಸ್ ಇದ್ದರೆ ‘ಬುಕ್’ ಎಂಬ ಜಾವಾ ಇಂಟರ್‌ಫೇಸ್, ‘ಬುಕ್‌ಇಂಪ್ಲ್’ ಎಂಬ ಕ್ಲಾಸ್, ಎರಡೂ ಹೊರಬರುತ್ತವೆ. ಇಂಟರ್‌ಫೇಸ್ ಗುರುತು ಹಾಕಿದರೆ ಮೊದಲನೆಯದು ಮಾತ್ರ.

ಈ ಜೋಡಿ ಸುಮ್ಮನೆ ಬಂದದ್ದಲ್ಲ. ಈಕೋರ್‌ನಲ್ಲಿ ಒಂದು ಇ-ಕ್ಲಾಸ್‌ಗೆ ಹಲವು ಪೋಷಕರಿರಬಹುದು, ಜಾವಾ ಕ್ಲಾಸ್ ಅದಕ್ಕೆ ಒಪ್ಪುವುದಿಲ್ಲ. ಬಹುಪೋಷಕತ್ವದ ಭಾರವನ್ನು ಇಂಟರ್‌ಫೇಸ್‌ಗಳು ಹೊರುತ್ತವೆ. ಇಂಪ್ಲ್ ಕ್ಲಾಸ್ ಪಟ್ಟಿಯ ಮೊದಲ ಪೋಷಕರಿಂದ ಕೋಡನ್ನು ಪಡೆದುಕೊಳ್ಳುತ್ತದೆ. ಉಳಿದವರ ಗುಣಗಳನ್ನು ಜನರೇಟರ್ ಅದರೊಳಗೇ ಹೊಸದಾಗಿ ಬರೆಯುತ್ತದೆ. ಹೀಗಾಗಿ ಪೋಷಕರ ಸಾಲನ್ನು ಹಿಂದುಮುಂದು ಮಾಡಿದರೂ ಹುಟ್ಟುವ ಕೋಡ್ ಬದಲಾಗುತ್ತದೆ. ಇದು ಎಷ್ಟೋ ತಂಡಗಳಿಗೆ ತಡವಾಗಿ ತಿಳಿಯುತ್ತದೆ.

ಯೋಚನೆಯ ಸ್ಪಷ್ಟತೆಗೆ ಯುಎಂಎಲ್ ಹಾದಿಯೇ ನನಗೆ ಹಿಡಿಸುತ್ತದೆ. ಆದರೆ ಅದರ ಚಿತ್ರ ಮೋಸ ಮಾಡಬಲ್ಲದು. ಹಳೆಯ ರ್‍ಯಾಷನಲ್ ರೋಸ್ ಉಪಕರಣದಲ್ಲಿ ಇಂಟರ್‌ಫೇಸ್ ಎಂದರೆ «ಇಂಟರ್‌ಫೇಸ್» ಎಂಬ ಪದವನ್ನು ಸ್ಟೀರಿಯೋಟೈಪ್ ಆಗಿ, ಅಂದರೆ ಗುರುತುಪಟ್ಟಿಯಾಗಿ ಅಂಟಿಸಿದ ಕ್ಲಾಸೇ ಆಗಿತ್ತು. ಆ ಅಭ್ಯಾಸ ಉಳಿಸಿಕೊಂಡವರು ಇಂದಿಗೂ ಕ್ಲಾಸ್ ಎಳೆದು ಮೇಲೆ ಪದ ಬರೆಯುತ್ತಾರೆ. ಪರದೆಯಲ್ಲಿ ಎಲ್ಲ ಸರಿ, ಜನರೇಟರ್‌ಗೆ ಮಾತ್ರ ಅದು ಕ್ಲಾಸ್. ಟೆಂಪ್ಲೇಟ್‌ನಲ್ಲಿ ಇಂಥವಕ್ಕೆಲ್ಲ ವಿನಾಯಿತಿ ತುರುಕುತ್ತಾ ಹೋಗುವುದಕ್ಕಿಂತ ಕೋಡ್ ಹೊರಡಿಸುವ ಮೊದಲೇ ಮಾಡೆಲ್ ಪರಿಶೀಲಿಸಿ ತಡೆಯುವುದು ಒಳ್ಳೆಯದು. ಈಕೋರ್‌ನ ವ್ಯಾಲಿಡೇಟರ್ ಅಂಥದೊಂದು ಕೆಲಸ ಮಾಡುತ್ತದೆ: ಇಂಟರ್‌ಫೇಸ್ ಎಂದು ಗುರುತಿಸಿದ ಇ-ಕ್ಲಾಸ್ ಅಬ್‌ಸ್ಟ್ರ್ಯಾಕ್ಟ್ ಆಗಿರದಿದ್ದರೆ ಅದನ್ನು ದೋಷವೆಂದು ತೋರಿಸುತ್ತದೆ. ಪದ ಅಂಟಿಸಿದ ಕ್ಲಾಸ್‌ಗಳನ್ನು ಹೆಸರು ಹಿಡಿದು ತೋರಿಸುವ ಇಂಥದೇ ನಿಯಮವನ್ನು ಯುಎಂಎಲ್ ಬಳಸುವ ತಂಡಗಳೂ ಒಸಿಎಲ್‌ನಲ್ಲಿ ಬರೆದುಕೊಳ್ಳಬಹುದು.