ಸಮುದ್ರ ಪಕ್ಕದಲ್ಲೇ ಇದೆ, ಮಕ್ಕಳು ಕಂಡಿದ್ದಾರೆಯೇ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮದ್ರಸದಲ್ಲಿ ಮಕ್ಕಳಿಗಾಗಿ ಒಂದು ವಾರದ ಶಿಬಿರ ಏರ್ಪಡಿಸಿದ್ದೆವು. ಒಂದು ದಿನ ಚಿತ್ರ ಬಿಡಿಸುವ ಕಾರ್ಯಕ್ರಮ, ವಿಷಯ ಸಮುದ್ರ. ಇಪ್ಪತ್ತೆರಡು ಮಕ್ಕಳು ಶ್ರದ್ಧೆಯಿಂದ ಕುಳಿತು ಬಿಡಿಸಿದರು. ಎಲ್ಲರ ಸಮುದ್ರವೂ ಕಡು ನೀಲಿ. ನಡುವೆ ಒಂದು ಪುಟ್ಟ ದ್ವೀಪ, ಅದರಲ್ಲಿ ಒಂಟಿ ತೆಂಗಿನ ಮರ, ನೀರಿನಿಂದ ಜಿಗಿಯುವ ಡಾಲ್ಫಿನ್. ಒಬ್ಬನಂತೂ ಪೆಂಗ್ವಿನ್ ಕೂಡಾ ಬಿಡಿಸಿದ್ದ! ಬಾವುಟ ಕಟ್ಟಿದ ಮೀನು ದೋಣಿಯಾಗಲೀ ಬಲೆಯಾಗಲೀ ಬೂತಾಯಿ ತುಂಬಿದ ಬುಟ್ಟಿಯಾಗಲೀ ಒಂದು ಚಿತ್ರದಲ್ಲೂ ಇರಲಿಲ್ಲ.

"ಸಮುದ್ರದ ನೀರನ್ನು ಕಾಲಿನಿಂದ ಮುಟ್ಟಿದವರು ಕೈ ಎತ್ತಿ" ಎಂದೆ. ಏಳು ಕೈಗಳು ಮೇಲೆದ್ದವು. ನಮ್ಮ ಮೊಹಲ್ಲಾದಿಂದ ಸಮುದ್ರ ಆರು ಕಿಲೋಮೀಟರ್ ದೂರದಲ್ಲಿದೆ. ಕೈ ಎತ್ತದೆ ಕುಳಿತಿದ್ದವರಲ್ಲಿ ನನ್ನ ಎಂಟು ವರ್ಷದ ಮಗನೂ ಇದ್ದ.

ಓದುಗರೇ, ಆ ಮಕ್ಕಳನ್ನು ದೂರುವುದು ಸುಲಭ. ಟಿವಿ, ಮೊಬೈಲ್, ಕಾರ್ಟೂನು ಎಂದು ನಾವು ಎಷ್ಟು ಬಾರಿ ಭಾಷಣ ಬಿಗಿದಿಲ್ಲ? ಆದರೆ ನನ್ನ ಮಗ ಸಮುದ್ರ ಕಾಣದಿರಲು ಟಿವಿ ಕಾರಣವಲ್ಲ, ನಾನೇ ಕಾರಣ. ನನಗೆ ಹನ್ನೆರಡು ವರ್ಷವಾಗಿದ್ದಾಗ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಸಹಪಾಠಿಯೊಬ್ಬ ಕಡಲಿಗೆ ಆಡಲು ಹೋದವನು ಮರಳಿ ಬರಲಿಲ್ಲ. ಎರಡನೆಯ ದಿನ ಮಯ್ಯಿತ್ ಸಿಕ್ಕಿತು. ಅಂದಿನಿಂದ ನಮ್ಮ ಮನೆಯಲ್ಲಿ ಸಮುದ್ರದ ಹೆಸರೆತ್ತುವಂತಿರಲಿಲ್ಲ. ಮೂವತ್ತು ವರ್ಷ ನಾನು ಮಂಗಳೂರಿನಲ್ಲೇ ಇದ್ದುಕೊಂಡು ಸಮುದ್ರಕ್ಕೆ ಬೆನ್ನು ಹಾಕಿ ಬದುಕಿದೆ. ಆ ಭಯವನ್ನು ಒಂದು ಮಾತನ್ನೂ ಆಡದೆ ಮಕ್ಕಳಿಗೂ ದಾಟಿಸಿದ್ದೆ.

ಆ ಶಿಬಿರ ಮುಗಿದ ಬಳಿಕದ ಭಾನುವಾರ ಮದ್ರಸ ಬಿಟ್ಟ ಮೇಲೆ ಪತ್ನಿ, ಮಗ ಮತ್ತು ಐದು ವರ್ಷದ ಮಗಳನ್ನು ಕರೆದುಕೊಂಡು ಸಿಟಿ ಬಸ್ ಹತ್ತಿದೆ. ನೇರವಾಗಿ ಸಮುದ್ರಕ್ಕೆ ಹೋಗುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಅಲ್ಲಿರುವುದು ನದಿ ತಾನೇ ಎಂಬ ಸಮಾಧಾನ.

"ಬತ್ತೇರಿ ಅಂದರೆ ಟಾರ್ಚಿಗೆ ಹಾಕುವುದಾ?" ಎಂದು ಮಗಳು ಕೇಳಿದಳು. ಸಾಲಾಗಿ ಇರಿಸಿದ ಫಿರಂಗಿಗಳಿಗೂ ಇಂಗ್ಲಿಷಿನಲ್ಲಿ ಬ್ಯಾಟರಿ ಎಂದೇ ಹೇಳುತ್ತಾರೆ, ಅದೇ ನಮ್ಮ ಬಾಯಲ್ಲಿ ಬತ್ತೇರಿ ಆಯಿತು ಎಂದೆ. ಕಪ್ಪು ಕಲ್ಲಿನ ಈ ಕಾವಲು ಬುರುಜನ್ನು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ. ಮೈಸೂರಿಗೂ ಇಂಗ್ಲಿಷರಿಗೂ ನಡೆದ ಎರಡನೆಯ ಯುದ್ಧ ಮುಗಿದು ಮಂಗಳೂರು ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ವರ್ಷ. ಶತ್ರುಗಳ ಹಡಗು ಗುರುಪುರ ನದಿಯೊಳಗೆ ನುಗ್ಗದಂತೆ ಕಾಯುವುದು ಇದರ ಕೆಲಸವಾಗಿತ್ತು. ಕೆಳಗೆ ಮದ್ದಿನ ಕೋಣೆ, ಮೇಲೆ ಗೋಡೆಯಲ್ಲಿ ಫಿರಂಗಿಯ ಕಂಡಿಗಳು. ಇಷ್ಟನ್ನು ಹೇಳಿ ನಾನು ಸುಮ್ಮನಾದೆ. ಪುಟ್ಟ ಮಕ್ಕಳಿಗೆ ಇಸವಿಗಳು ಬೇಡ, ಕಂಡಿಯಲ್ಲಿ ಮುಖವಿಟ್ಟು ನೋಡುವ ಅವಕಾಶ ಬೇಕು. ಮಗ ಒಂದೊಂದೇ ಕಂಡಿಯಲ್ಲಿ ಇಣುಕುತ್ತಾ ಹೋದ. ಒಂದರ ಬಳಿ ನಿಂತು ಕೂಗಿದ:

"ಅಬ್ಬಾ, ಈ ನದಿ ಹಿಂದಕ್ಕೆ ಹೋಗುತ್ತಿದೆ!"

ನಾನು ನಕ್ಕೆ. ಮತ್ತೆ ಹೋಗಿ ನೋಡಿದೆ. ಒಂದು ಒಣಗಿದ ತೆಂಗಿನ ಗರಿ ನೀರಿನ ಮೇಲೆ ತೇಲುತ್ತಿತ್ತು. ಗುರುಪುರ ನದಿ ಇಲ್ಲಿ ಕರಾವಳಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು, ಅಳಿವೆಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಸಮುದ್ರ ಸೇರುತ್ತದೆ. ಆದರೆ ಆ ಗರಿ ಉತ್ತರಕ್ಕೆ, ಮೇಲ್ಗಡೆಗೆ ನಿಧಾನವಾಗಿ ಸಾಗುತ್ತಿತ್ತು. ಭರತದ ಹೊತ್ತು ಅದು. ಸಮುದ್ರದ ನೀರು ಅಳಿವೆಯಿಂದ ಒಳನುಗ್ಗಿ ನದಿಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಬಿ.ಎ. ಓದಿದವನು ನಾನು, ಭರತ-ಇಳಿತಗಳ ಬಗ್ಗೆ ಪರೀಕ್ಷೆಯಲ್ಲಿ ಬರೆದವನು. ನಮ್ಮ ಊರಿನ ನದಿ ಪ್ರತಿದಿನ ಎರಡು ಬಾರಿ ಹಿಂದಕ್ಕೆ ಬರುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ನಾನು ತಡೆಯುವ ಮೊದಲೇ ಮಗ ಮೆಟ್ಟಿಲಲ್ಲಿ ಬೆರಳದ್ದಿ ನಾಲಗೆಗಿಟ್ಟುಕೊಂಡಿದ್ದ. "ಉಪ್ಪು!" ಎಂದ. (ನಿಮ್ಮ ಮಕ್ಕಳಿಗೆ ಹಾಗೆ ಮಾಡಲು ಬಿಡಬೇಡಿ, ನಗರದ ಪಕ್ಕದ ನೀರು ಶುದ್ಧವಲ್ಲ.) ಹೀಗೆ ಹೆದರಿ ನದಿಗೆ ಬಂದ ನನ್ನ ಮುಂದೆ ಸಮುದ್ರವೇ ನದಿಯೊಳಗೆ ಬಂದು ನಿಂತಿತ್ತು.

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ದೋಣಿಯಲ್ಲಿ ನದಿ ದಾಟಿದೆವು. ಆಚೆ ದಡದಲ್ಲಿ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ದಕ್ಷಿಣದ ಬೆಂಗ್ರೆಯವರೆಗೆ ಚಾಚಿಕೊಂಡ ಮರಳಿನ ಪಟ್ಟಿ. ಗಾಳಿಮರಗಳ ನೆರಳಿನಲ್ಲಿ ಸ್ವಲ್ಪ ನಡೆದರೆ ಸಮುದ್ರ.

ಅಲ್ಲಿ ನಮಗೆ ಸಮಯ ಹೋದದ್ದೇ ತಿಳಿಯಲಿಲ್ಲ. ಆದರೆ ನೀರಿನಲ್ಲಿ ಅಲ್ಲ, ಮರಳಿನಲ್ಲಿ. ಸಮುದ್ರ ತೋರಿಸುವುದೆಂದರೆ ಅಲೆಯಲ್ಲಿ ಮೀಯಿಸುವುದು ಎಂದು ನಾವು ತಿಳಿದಿದ್ದೇವೆ. ಐದಾರು ವರ್ಷದ ಮಗುವಿನ ಕಣ್ಣು ಇರುವುದು ನೆಲಕ್ಕೆ ಹತ್ತಿರದಲ್ಲಿ, ಅದರ ಸಮುದ್ರವೂ ಅಲ್ಲೇ ಇದೆ. ಮರಳಿನಲ್ಲಿ ಬೆರಳು ಗಾತ್ರದ ತೂತು, ಅದರ ಸುತ್ತ ಸಾಸಿವೆಯಷ್ಟು ಸಣ್ಣ ಮರಳಿನ ಉಂಡೆಗಳು ಹೂವಿನ ಎಸಳಿನಂತೆ ಹರಡಿವೆ. ಇದನ್ನು ಮಾಡಿದವರು ಯಾರು? ಐದು ನಿಮಿಷ ಅಲುಗಾಡದೆ ಕುಳಿತರೆ ಉತ್ತರ ತಾನಾಗಿ ಹೊರಬರುತ್ತದೆ. ಒಂದು ಪುಟ್ಟ ಏಡಿ. ಮರಳನ್ನು ಬಾಯಿಗಿಟ್ಟು ಅದರಲ್ಲಿರುವ ಆಹಾರವನ್ನು ಸೋಸಿ, ಉಳಿದದ್ದನ್ನು ಉಂಡೆ ಕಟ್ಟಿ ಬಿಡುತ್ತದೆ. ಮುಂದಿನ ಭರತ ಬಂದು ಎಲ್ಲವನ್ನೂ ಅಳಿಸಿ ಹಾಕುತ್ತದೆ, ಏಡಿ ಮತ್ತೆ ಶುರು ಮಾಡುತ್ತದೆ. ಮನೆಯಲ್ಲಿ ಐದು ನಿಮಿಷ ಒಂದು ಕಡೆ ಕೂರದ ನನ್ನ ಮಗಳು ಇಲ್ಲಿ ಉಸಿರು ಬಿಗಿಹಿಡಿದು ಕುಳಿತದ್ದನ್ನು ಕಂಡು ಪತ್ನಿ ನನ್ನ ಮುಖ ನೋಡಿದಳು.

ಮರಳಿನ ಮೇಲೆ ಹಬ್ಬಿ ನೇರಳೆ ಹೂ ಬಿಡುವ ಅಡುಂಬು ಬಳ್ಳಿಯನ್ನು ತೋರಿಸಿ. ಕೀಳಲು ಬಿಡಬೇಡಿ, ಗಾಳಿಗೆ ಹಾರುವ ಮರಳನ್ನು ಹಿಡಿದು ನಿಲ್ಲಿಸುವುದು ಅದೇ. 2024ರ ಆರಂಭದಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಕಿನಾರೆಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಟ್ಟದ್ದು ಸುದ್ದಿಯಾಗಿತ್ತು. ಅರಣ್ಯ ಇಲಾಖೆಯವರು ಆ ಗೂಡುಗಳಿಗೆ ಕಾವಲು ಹಾಕಿ ಮರಿಗಳನ್ನು ಕಡಲಿಗೆ ಬಿಟ್ಟರು. ರಾತ್ರಿ ಮೊಟ್ಟೆಯಿಂದ ಹೊರಬರುವ ಮರಿ ಬೆಳಕು ಕಂಡ ಕಡೆಗೆ ನಡೆಯುತ್ತದೆ. ದಡದ ದೀಪಗಳು ಸಮುದ್ರಕ್ಕಿಂತ ಪ್ರಕಾಶಮಾನವಾಗಿದ್ದರೆ ಅದು ದಾರಿ ತಪ್ಪುತ್ತದೆ. ಈ ವಿಷಯ ಹೇಳಿದಾಗಿನಿಂದ ನನ್ನ ಮಗ ನಮ್ಮ ಮನೆಯ ಅಂಗಳದ ದೀಪವನ್ನೂ ಆರಿಸುತ್ತಿದ್ದಾನೆ. ಆರು ಕಿಲೋಮೀಟರ್ ದೂರದಲ್ಲಿರುವ ಆಮೆಗೆ ತೊಂದರೆಯಾಗಬಾರದಂತೆ.

ಈಗ ನಾನು ಹೇಳಲು ನಾಚುವ ಒಂದು ವಿಷಯ. ಎರಡನೆಯ ಬಾರಿ ಹೋದಾಗ ಮಗಳು ಅಲೆಯ ಅಂಚಿನಲ್ಲಿ ನಿಂತಿದ್ದಳು. ಪಾದ ಮುಳುಗುವಷ್ಟೇ ನೀರು. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು ಮೊಬೈಲಿನಲ್ಲಿ ಅವಳ ಫೋಟೋ ತೆಗೆಯುತ್ತಿದ್ದೆ. ಒಂದು ಅಲೆ ಉಳಿದವುಗಳಿಗಿಂತ ತುಸು ಮುಂದೆ ಬಂತು. ಅವಳ ಒಂದು ಚಪ್ಪಲಿ ಕಳಚಿ ನೀರಿನೊಂದಿಗೆ ಹೊರಟಿತು. ಅವಳು ಅದರ ಹಿಂದೆ ಓಡಿದಳು. ನಾನು ಫೋಟೋದಿಂದ ಕಣ್ಣು ತೆಗೆಯುವಷ್ಟರಲ್ಲಿ ಅವಳು ಸೊಂಟದವರೆಗಿನ ನೀರಿನಲ್ಲಿದ್ದಳು. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ನನಗಿಂತ ಮೊದಲು ಓಡಿ ಅವಳ ತೋಳು ಹಿಡಿದರು. ಬೈಯಲಿಲ್ಲ. ಮಗುವನ್ನು ನನ್ನ ಕೈಗಿತ್ತು, "ಕಡಲಿಗೆ ಬೆನ್ನು ಹಾಕಬಾರದು, ಕಣ್ಣೂ ತಪ್ಪಿಸಬಾರದು" ಎಂದರು ಅಷ್ಟೆ.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಇನ್ನು ಹೋಗುವುದೇ ಬೇಡ ಎಂದೆ. ಪತ್ನಿ ಒಪ್ಪಲಿಲ್ಲ. "ನಾವು ಕರೆದುಕೊಂಡು ಹೋಗದಿದ್ದರೆ ಹದಿನೈದು ವರ್ಷವಾದಾಗ ಗೆಳೆಯರೊಂದಿಗೆ ಹೇಳದೆ ಹೋಗುತ್ತಾನೆ. ಆಗ ಅವನಿಗೆ ಏನೂ ಗೊತ್ತಿರುವುದಿಲ್ಲ" ಎಂದಳು. ನನ್ನ ಸಹಪಾಠಿ ಹೋದದ್ದೂ ಹಾಗೆಯೇ, ಮನೆಯಲ್ಲಿ ಹೇಳದೆ.

ಆದ್ದರಿಂದ ಈಗ ನಮ್ಮಲ್ಲಿ ಕೆಲವು ನಿಯಮಗಳಿವೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಅವರ ಮೊಬೈಲ್ ಚೀಲದೊಳಗೆ. ಚಪ್ಪಲಿ, ಚೆಂಡು ಏನೇ ಹೋದರೂ ಹಿಂದೆ ಓಡುವಂತಿಲ್ಲ. ಮಕ್ಕಳು ನೀರಿಗಿಳಿಯುವುದು ಕಣಕಾಲಿನವರೆಗೆ ಮಾತ್ರ, ಅದೂ ಕೈ ಹಿಡಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದಿಂದಲೇ ನೋಡುವುದು. ಸೋಮೇಶ್ವರದ ಬಂಡೆಗಳು ನೋಡಲು ಬಹಳ ಸುಂದರ, ಆದರೆ ಅಲ್ಲಿ ನೀರಿಗಿಳಿದು, ಬಂಡೆಯಲ್ಲಿ ಜಾರಿ ಎಷ್ಟು ಜೀವಗಳು ಹೋಗಿವೆ! ಅಲ್ಲಿ ಮೇಲಿನಿಂದಲೇ ಸೂರ್ಯಾಸ್ತ ನೋಡಿ ಬನ್ನಿ. ಅಲೆಯಾಟ ಬೇಕೇ ಬೇಕು ಎಂದಾದರೆ ಪಣಂಬೂರಿನಂತೆ ಜೀವರಕ್ಷಕರಿರುವ ಕಿನಾರೆಗೆ ಹೋಗಿ, ಅವರು ಹೇಳಿದ ಗಡಿಯೊಳಗಿರಿ.

ಇನ್ನೊಂದು ವಿಷಯ ನನ್ನಂತಹ ಅನೇಕರಿಗೆ ತಿಳಿದಿಲ್ಲ. ದಡಕ್ಕೆ ಬಂದ ಅಲೆಗಳ ನೀರು ಹಿಂದಿರುಗಬೇಕಲ್ಲವೇ? ಅದು ಕೆಲವೆಡೆ ಕಿರಿದಾದ ಓಣಿಯಂತೆ ಸೇರಿಕೊಂಡು ರಭಸದಿಂದ ಆಳಕ್ಕೆ ಸಾಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಆ ಜಾಗವೇ ಎಲ್ಲಕ್ಕಿಂತ ಶಾಂತವಾಗಿ ಕಾಣುತ್ತದೆ. ಅಲೆ ಕಡಿಮೆ ಎಂದು ತಾಯಂದಿರು ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ! ಅದರಲ್ಲಿ ಸಿಕ್ಕಿಕೊಂಡವರು ನೇರ ದಡಕ್ಕೆ ಈಜಿ ದಣಿಯುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ನನ್ನ ಮಗನಿಗೆ ಇದನ್ನು ಮರಳಿನ ಮೇಲೆ ಗೆರೆ ಎಳೆದು ಕಲಿಸಿದ್ದೇನೆ.

ಸಮುದ್ರ ಮಾತ್ರವೇ? ಒಂದು ಮುಂಜಾನೆ ಹಳೆ ಬಂದರಿನ ದಕ್ಕೆಗೆ ಹೋದೆವು. ವಾಸನೆಗೆ ಮಗಳು ಮೂಗು ಮುಚ್ಚಿಕೊಂಡಳು, ಹತ್ತು ನಿಮಿಷದಲ್ಲಿ ಮರೆತಳು. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ ಎಲ್ಲವೂ ಬುಟ್ಟಿ ಬುಟ್ಟಿಯಾಗಿ ಇಳಿಯುತ್ತಿದ್ದವು, ಮೇಲೆ ಗರುಡಗಳು ಸುತ್ತುತ್ತಿದ್ದವು. ತಟ್ಟೆಯಲ್ಲಿ ಮಾತ್ರ ಮೀನು ಕಂಡ ಮಕ್ಕಳಿಗೆ ಅದನ್ನು ತರುವ ಜನರ ಕೈಗಳನ್ನು ತೋರಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಹೋದರೆ ಸಾಲಾಗಿ ನಿದ್ರಿಸುವ ದೋಣಿಗಳನ್ನಷ್ಟೇ ಕಾಣಬಹುದು. ಅದೂ ಒಂದು ಪಾಠವೇ. ಮೀನಿಗೂ ಮರಿ ಮಾಡಲು ಸಮಯ ಬೇಡವೇ?

ಅಲ್ಲಿಂದ ಬಂದರಿನ ಝೀನತ್ ಬಕ್ಷ್ ಮಸೀದಿಗೆ ನಡೆದೇ ಹೋಗಬಹುದು. ಳುಹ್ರ್ ನಮಾಝಿನ ಬಳಿಕ ಮಗನಿಗೆ ಅಲ್ಲಿನ ಮರದ ಕಂಬಗಳ ಕೆತ್ತನೆ ತೋರಿಸಿದೆ. ಆ ಓಣಿಗಳಲ್ಲಿ ತಲೆ ಎತ್ತಿ ನಡೆಯಿರಿ, ಹಳೆಯ ಕಟ್ಟಡಗಳ ಹಂಚು ಕಾಣುತ್ತದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಇದೇ ನದಿಗಳ ಜೇಡಿಮಣ್ಣು ಹಂಚಾಗಿ, ಮಂಗಳೂರಿನ ಹೆಸರು ಹೊತ್ತು ಹಡಗೇರಿ ದೂರದ ದೇಶಗಳ ಮಾಡು ಸೇರಿತು. ನಮ್ಮ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಒಡೆದ ಹಂಚನ್ನು ಮಗ ತೊಳೆದು, ಅದರ ಮೇಲಿನ ಅಕ್ಷರ ಓದಿ ಶಾಲೆಗೆ ಒಯ್ದಿದ್ದಾನೆ.

ಪಿಲಿಕುಳ ನಿಮಗೆಲ್ಲ ಗೊತ್ತಿರುವುದೇ. ಪಿಲಿ ಎಂದರೆ ತುಳುವಿನಲ್ಲಿ ಹುಲಿ, ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಂತೆ. ಪ್ರಾಣಿಗಳು, ಗುತ್ತಿನ ಮನೆ, ವಿಜ್ಞಾನ ಕೇಂದ್ರ, 2018ರಲ್ಲಿ ಬಂದ ತಾರಾಲಯ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಲು ಹೋಗಿ ಸಂಜೆಗೆ ಮಗಳನ್ನು ಹೆಗಲ ಮೇಲೆ ಹೊತ್ತು ತಂದೆ. ನೀವು ಎರಡು ಭಾನುವಾರ ಮಾಡಿಕೊಳ್ಳಿ. ಮಕ್ಕಳಿಗೆ ಒಂದು ದಿನಕ್ಕೆ ಒಂದು ಜಾಗ ಸಾಕು. ನೀರು, ಅವಲಕ್ಕಿ, ಒಂದು ಜೊತೆ ಒಣ ಬಟ್ಟೆ ಇದ್ದರೆ ಖರ್ಚು ಬಸ್ಸು ಮತ್ತು ದೋಣಿಯದ್ದು ಮಾತ್ರ. ದೋಣಿ ಮಳೆಗಾಲದಲ್ಲಿ ನಿಲ್ಲುವುದುಂಟು, ಮೊದಲೇ ವಿಚಾರಿಸಿ.

ಆ ಹಿರಿಯರು ಈಗ ನಮಗೆ ಪರಿಚಿತರು. ಒಮ್ಮೆ ಮಗ ಅವರಲ್ಲಿ, "ಹೋದ ವಾರ ನೀರು ಇಷ್ಟು ಮೇಲೆ ಬಂದಿರಲಿಲ್ಲ, ಇಂದು ಯಾಕೆ ಬಂತು?" ಎಂದು ಕೇಳಿದ. "ಇಂದು ಚಂದ್ರನ ತಾರೀಕು ಎಷ್ಟು, ನಿನ್ನ ಅಬ್ಬನಲ್ಲಿ ಕೇಳು" ಎಂದರು. ಹದಿನಾಲ್ಕು ಎಂದೆ. "ಅಷ್ಟೇ ಮಗಾ" ಎಂದು ಅವರು ಬಲೆಗೆ ಮರಳಿದರು. ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಭರತ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ಏಳೆಂಟನೇ ಚಂದ್ರ, ಇಪ್ಪತ್ತೊಂದು ಇಪ್ಪತ್ತೆರಡನೇ ಚಂದ್ರದ ಹೊತ್ತಿಗೆ ಎರಡೂ ಮೆತ್ತಗೆ. ಚಂದ್ರನ ತಾರೀಕನ್ನು ಮದ್ರಸದ ಹಲಗೆಯ ಮೇಲೆ ದಿನವೂ ಬರೆಯುತ್ತಿದ್ದವನಿಗೆ ಸಮುದ್ರದ ಕ್ಯಾಲೆಂಡರ್ ತನ್ನ ಕೈಯಲ್ಲೇ ಇದೆ ಎಂದು ಇಷ್ಟು ವರ್ಷ ತಿಳಿದಿರಲಿಲ್ಲ. ಈಗ ಅದನ್ನು ಬರೆಯುವಾಗ ಹುಡುಗರು, "ಉಸ್ತಾದ್, ಇಂದು ಕಡಲು ದೊಡ್ಡದಾ ಸಣ್ಣದಾ?" ಎಂದು ಕೇಳುತ್ತಾರೆ.

ಮಗಳಿಗೆ ಮಾತ್ರ ಚಪ್ಪಲಿಯ ಚಿಂತೆ ಹೋಗಿಲ್ಲ. ನದಿ ಹಿಂದಕ್ಕೆ ಬರುವಾಗ ತನ್ನ ಚಪ್ಪಲಿಯನ್ನೂ ತರುತ್ತದೆ ಎಂಬುದು ಅವಳ ಲೆಕ್ಕ. ದೋಣಿಯಲ್ಲಿ ಅಮ್ಮನ ಮಡಿಲಲ್ಲಿ ಕುಳಿತು ನೀರನ್ನೇ ನೋಡುತ್ತಿರುತ್ತಾಳೆ. ಕಳೆದ ಭಾನುವಾರ ಎರಡು ತೆಂಗಿನಕಾಯಿ, ಒಂದು ಬಾಟಲಿ, ಒಂದು ಚಪ್ಪಲಿ ತೇಲಿ ಬಂದವು. "ಅದು ನನ್ನದಲ್ಲ, ದೊಡ್ಡವರದ್ದು" ಎಂದಳು.