ಇಸ್ಪೀಟು ಮೇಜಿನ ಮೇಲೆ ಕುಂಗ್‌ಫು

ಜೂಜಾಟವನ್ನು ಚಿತ್ರೀಕರಿಸುವುದು ಕ್ಯಾಮೆರಾದವರಿಗೆ ತಲೆನೋವಿನ ಕೆಲಸ. ನಾಲ್ಕು ಜನ ಮೇಜಿನ ಸುತ್ತ ಕುಳಿತಿರುತ್ತಾರೆ. ಕೈ ಒಂದು ಗೇಣು ಅಲುಗುತ್ತದೆ, ಎಲೆಯೊಂದು ಬೀಳುತ್ತದೆ, ಅಷ್ಟೆ. ಗೆಲ್ಲುವವನಾಗಲಿ ಸೋಲುವವನಾಗಲಿ ಮುಖದಲ್ಲಿ ಏನನ್ನೂ ತೋರಗೊಡುವುದಿಲ್ಲ. ಇಷ್ಟು ಜಡವಾದ ವಸ್ತುವನ್ನಿಟ್ಟುಕೊಂಡು ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಚಿತ್ರರಂಗ ಪ್ರೇಕ್ಷಕರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದೆ, ಉಸಿರು ಬಿಗಿಹಿಡಿದು ಕೂರುವಂತೆಯೂ ಮಾಡಿದೆ. ಅದರ ಗುಟ್ಟು ಕುಂಗ್‌ಫುವಿನಲ್ಲಿದೆ.

ಬ್ರೂಸ್ ಲೀ 1973ರಲ್ಲಿ ತೀರಿಕೊಂಡ ಮೇಲೆ ಅವನಂತೆ ಮುಖ ಗಂಟಿಕ್ಕಿಕೊಂಡು ಹೊಡೆದಾಡುವವರು ಹಲವರು ಬಂದರು, ಯಾರೂ ನಿಲ್ಲಲಿಲ್ಲ. 1978ರಲ್ಲಿ ಜಾಕಿ ಚಾನ್ ‘ಡ್ರಂಕನ್ ಮಾಸ್ಟರ್’ ಚಿತ್ರದಲ್ಲಿ ಬೇರೊಂದು ದಾರಿ ಹಿಡಿದ. ಸೋಮಾರಿ ಹುಡುಗ, ವಿಚಿತ್ರ ಸ್ವಭಾವದ ಗುರು, ಮೈ ಹಣ್ಣಾಗಿಸುವ ಅಭ್ಯಾಸ, ಕೊನೆಗೆ ದುಷ್ಟನೊಡನೆ ಕಾಳಗ. ನಡುವೆಲ್ಲ ನಗೆ. ಜೂಜಿನ ಚಿತ್ರಗಳು ಈ ಅಚ್ಚನ್ನೇ ಎತ್ತಿಕೊಂಡವು. ಮುಷ್ಟಿಯ ಜಾಗದಲ್ಲಿ ಇಸ್ಪೀಟು ಎಲೆ ಬಂತು, ಅಖಾಡದ ಜಾಗದಲ್ಲಿ ಹಸಿರು ಹೊದಿಕೆಯ ಮೇಜು ಬಂತು.

ಆ ನಗರದ ಬದುಕಿನಲ್ಲಿ ಜೂಜಿನ ಸ್ಥಾನವೂ ವಿಚಿತ್ರವಾದದ್ದು. ಹಾಂಗ್‌ಕಾಂಗ್‌ನಲ್ಲಿ ಕ್ಯಾಸಿನೋಗಳಿಗೆ ಅನುಮತಿಯಿಲ್ಲ. ಕುದುರೆಪಂದ್ಯಕ್ಕೆ ಜಾಕಿ ಕ್ಲಬ್ ಇದೆ. ಕ್ಯಾಸಿನೋ ಬೇಕೆಂದವರು ಹತ್ತಿರದ ಮಕಾವಿಗೆ ಹೋಗಬೇಕು. ಮನೆಮನೆಯಲ್ಲೂ ಆಡುವ ಆಟವೆಂದರೆ ಮಾಜಾಂಗ್: ಬಿಲ್ಲೆಗಳನ್ನು ಜೋಡಿಸುವ, ನಮ್ಮ ರಮ್ಮಿಯನ್ನು ನೆನಪಿಸುವ ಆಟ. ಹಣ ಕಟ್ಟಿ ಮಾಜಾಂಗ್ ಆಡುವ ಪರವಾನಗಿ ಪಡೆದ ಮನೆಗಳ ಫಲಕದಲ್ಲಿ ಏನಿರುತ್ತದೆ ಗೊತ್ತೆ? ‘ಮಾಜಾಂಗ್ ಶಾಲೆ’! ಆ ಶಾಲೆಯಲ್ಲಿ ಪರೀಕ್ಷೆಯ ಫಲಿತಾಂಶ ಆಗಿಂದಾಗಲೇ ಗೊತ್ತಾಗುತ್ತದೆ.

1989ರಲ್ಲಿ ವಾಂಗ್ ಜಿಂಗ್ ನಿರ್ದೇಶನದ ‘ಗಾಡ್ ಆಫ್ ಗ್ಯಾಂಬ್ಲರ್ಸ್’ ತೆರೆಕಂಡಿತು. ಚೌ ಯುನ್‌ಫಾಟ್ ಇದರಲ್ಲಿ ಸೋಲನ್ನೇ ಅರಿಯದ ಜೂಜುಗಾರ. ತಲೆಗೆ ಪೆಟ್ಟು ಬಿದ್ದು ನೆನಪು ಅಳಿಸಿಹೋಗಿ, ಚಾಕೊಲೇಟಿಗೆ ಹಟ ಹಿಡಿಯುವ ಮಗುವಾಗುತ್ತಾನೆ. ತಲೆಗೂದಲನ್ನು ಹಿಂದಕ್ಕೆ ಬಾಚಿ, ನಿಧಾನಗತಿಯಲ್ಲಿ ಅವನು ನಡೆದು ಬರುವ ದೃಶ್ಯ ಪ್ರಸಿದ್ಧವಾಯಿತು. ನಿಧಾನಗತಿಯ ಮರ್ಮ ಸರಳವಾದದ್ದು. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆರೆಯ ಮೇಲೆ ಓಡುತ್ತದೆ. ಚಿತ್ರೀಕರಿಸುವಾಗ ಕ್ಯಾಮೆರಾವನ್ನು 72ರ ವೇಗದಲ್ಲಿ ಓಡಿಸಿದರೆ, ಒಂದು ಸೆಕೆಂಡಿನ ನಡಿಗೆ ತೆರೆಯ ಮೇಲೆ ಮೂರು ಸೆಕೆಂಡು ಹಿಡಿಯುತ್ತದೆ.

ಮರುವರ್ಷವೇ ಇದನ್ನು ಅಣಕಿಸುವ ‘ಆಲ್ ಫಾರ್ ದಿ ವಿನ್ನರ್’ ಬಂತು. ಚೀನಾದ ಮುಖ್ಯಭೂಮಿಯಿಂದ ಹಾಂಗ್‌ಕಾಂಗ್‌ಗೆ ಬರುವ ಬಡ ಹುಡುಗನ ಪಾತ್ರದಲ್ಲಿ ಸ್ಟೀಫನ್ ಚೌ. ಅವನಿಗೂ ಆ ವೈಭವದ ನಡಿಗೆ ಬೇಕು. ಕ್ಯಾಮೆರಾ ಮಾಮೂಲಿ ವೇಗದಲ್ಲೇ ಓಡುತ್ತದೆ. ಸುತ್ತಲಿನವರು ಸಹಜವಾಗಿ ಓಡಾಡುತ್ತಾರೆ. ಇವನೊಬ್ಬ ಮಾತ್ರ ಕೈಕಾಲುಗಳನ್ನು ಇಂಚಿಂಚಾಗಿ ಎತ್ತಿಡುತ್ತ ಬರುತ್ತಾನೆ. ಕ್ಯಾಮೆರಾದ ತಂತ್ರವನ್ನು ಮೈಯಲ್ಲೇ ಮಾಡಿ ತೋರಿಸುವ ಈ ಹಾಸ್ಯ, ನನ್ನ ಲೆಕ್ಕದಲ್ಲಿ, ಈ ಬಗೆಯ ಎಲ್ಲ ಚಿತ್ರಗಳಲ್ಲೂ ಅತ್ಯುತ್ತಮವಾದದ್ದು. ಹಾಂಗ್‌ಕಾಂಗ್‌ನಲ್ಲಿ 4 ಕೋಟಿ ಸ್ಥಳೀಯ ಡಾಲರ್ ಗಳಿಕೆಯನ್ನು ದಾಟಿದ ಮೊದಲ ಹಾಂಗ್‌ಕಾಂಗ್ ಚಿತ್ರ ಅದು.

ಆ ಹುಡುಗ ಗೆಲ್ಲುವ ಬಗೆಯನ್ನೂ ಗಮನಿಸಿ. ಎಲೆಯನ್ನು ಬೆರಳಿನಿಂದ ಉಜ್ಜುತ್ತಾನೆ, ಎಲೆ ಬದಲಾಗುತ್ತದೆ! ಇದು ಬರಿಯ ಹುಚ್ಚಾಟವಲ್ಲ. ಕುಂಗ್‌ಫುವಿನಲ್ಲಿ ಅಭ್ಯಾಸ ಮಾಡಿದವನ ಒದೆತಕ್ಕೆ ಬಲ ಬರುತ್ತದೆ. ಇಸ್ಪೀಟು ಎಲೆಗೆ ನಿಮ್ಮ ಅಭ್ಯಾಸದ ಪರಿಚಯವಿಲ್ಲ. ಪಿ.ಯು.ಸಿ. ಗಣಿತದಲ್ಲಿ ವಿಕಲ್ಪಗಳನ್ನು ಓದಿದವರು ತಾವೇ ಲೆಕ್ಕ ಹಾಕಬಹುದು. 52 ಎಲೆಗಳಿಂದ 5 ಎಲೆಗಳನ್ನು 25,98,960 ಬಗೆಗಳಲ್ಲಿ ಆರಿಸಬಹುದು. ನಾಯಕನಿಗೆ ಕೊನೆಯ ಪಂದ್ಯದಲ್ಲಿ ತಪ್ಪದೆ ಬರುವ ಕೈ, ಅಂದರೆ ಒಂದೇ ಜಾತಿಯ ಹತ್ತು, ಗುಲಾಮ, ರಾಣಿ, ರಾಜ, ಎಕ್ಕ, ಅವುಗಳಲ್ಲಿ ಕೇವಲ 4. ನಿಮಿಷಕ್ಕೊಂದು ಸಲದಂತೆ ಹಗಲಿರುಳು ಐದೈದು ಎಲೆ ಹಂಚುತ್ತಿದ್ದರೂ ಇಂಥ ಕೈ ಸರಾಸರಿ 451 ದಿನಕ್ಕೊಮ್ಮೆ ಬಂದೀತು. ಎದುರಾಳಿಯ ಮನಸ್ಸನ್ನು ಓದುವುದು, ಬಿದ್ದ ಎಲೆಗಳನ್ನು ನೆನಪಿಡುವುದು ಕೌಶಲವೇ ಸರಿ. ಬರುವ ಎಲೆ ಮಾತ್ರ ಅದೃಷ್ಟ. ಗುರುವಿನ ಬಳಿ ಕಲಿತರೆ ಅದೃಷ್ಟವೂ ಕೈವಶವಾಗುತ್ತದೆ ಎಂಬ ಸಿಹಿಸುಳ್ಳು ಈ ಚಿತ್ರಗಳ ಆಕರ್ಷಣೆಯ ತಿರುಳು. ಹಾಸ್ಯಚಿತ್ರ ಆ ಸುಳ್ಳನ್ನು ಮಾಯೆಯೆಂದೇ ತೋರಿಸಿ ನಗುತ್ತದೆ. ಶಕುನಿಯ ದಾಳದ ಕಥೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯ ಜಾಹೀರಾತುಗಳು ಕೌಶಲದ ಮಾತನ್ನೇ ನಗೆಯಿಲ್ಲದೆ ಆಡುತ್ತಿದ್ದವು. ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು.

ಭಾಷೆಯ ಸೊಗಸು ಮಾತ್ರ ಉಪಶೀರ್ಷಿಕೆಗಳಲ್ಲಿ ಸೋರಿಹೋಗುತ್ತದೆ. ಕ್ಯಾಂಟನೀಸ್‌ನಲ್ಲಿ ‘ಪುಸ್ತಕ’ ಮತ್ತು ‘ಸೋಲು’ ಎಂಬ ಪದಗಳ ಉಚ್ಚಾರ ಒಂದೇ: ‘ಸ್ಯೂ’. ಆದ್ದರಿಂದ ಜೂಜಿಗೆ ಹೊರಟವನ ಎದುರು ಪುಸ್ತಕ ಹಿಡಿದು ನಿಂತರೆ ಅಪಶಕುನ. ವಿದ್ಯಾರ್ಥಿಗಳಿಗೆ ಅಲ್ಲಿ ಎಂಥ ಮರ್ಯಾದೆ ನೋಡಿ! ತಲೆಬುಡವಿಲ್ಲದಂತೆ ಕಾಣುವ, ಇಂಥ ಶ್ಲೇಷೆಗಳನ್ನು ಪೋಣಿಸಿದ ಹಾಸ್ಯಕ್ಕೆ ಅಲ್ಲಿನವರು ‘ಮೋ ಲೇ ತಾವ್’ ಎನ್ನುತ್ತಾರೆ. ಸ್ಟೀಫನ್ ಚೌ ಅದರ ದೊರೆ.

ಕುಂಗ್‌ಫುವಿನ ನಂಟು ಬರಿಯ ಹೋಲಿಕೆಯಲ್ಲ, ಗುರುಪರಂಪರೆಯದೂ ಹೌದು. ‘ಆಲ್ ಫಾರ್ ದಿ ವಿನ್ನರ್’ನ ಇಬ್ಬರು ನಿರ್ದೇಶಕರಲ್ಲಿ ಒಬ್ಬನಾದ ಕೋರಿ ಯುಯೆನ್, ಜಾಕಿ ಚಾನ್ ಕಲಿತ ಪೀಕಿಂಗ್ ಆಪೆರಾ ಶಾಲೆಯಲ್ಲೇ ಕಲಿತವನು. ಗುರು ಯು ಜಿಮ್ ಯುಯೆನ್ ಅವರ ಹೆಸರಿನ ಕೊನೆಯ ಪದವನ್ನೇ ಶಿಷ್ಯರು ರಂಗನಾಮವಾಗಿ ಧರಿಸಿದರು. ಬ್ರೂಸ್ ಲೀಗೆ ಬದಲಿಯಾಗಿ ಲಾಗ ಹಾಕಿದ್ದ ಯುಯೆನ್ ವಾ ಮತ್ತು ನಟಿ ಯುಯೆನ್ ಚ್ಯೂ ಅದೇ ಗರಡಿಯವರು. 2004ರ ‘ಕುಂಗ್‌ಫು ಹಸಲ್’ನಲ್ಲಿ ವಠಾರದ ಮಾಲೀಕ ದಂಪತಿಗಳಾಗಿ ಈ ಜೋಡಿ ಮನೆಮಾತಾಯಿತು, 2005ರಲ್ಲಿ ವಾಂಗ್ ಜಿಂಗ್ ಅವರಿಬ್ಬರನ್ನೂ ಕರೆತಂದು ‘ಕುಂಗ್‌ಫು ಮಾಜಾಂಗ್’ ತೆಗೆದ. ಕಥೆ ತೆಳುವಾದದ್ದು, ಅವಸರದಲ್ಲಿ ಹೆಣೆದದ್ದು ಎನಿಸುತ್ತದೆ. ಆದರೆ ಅವಕಾಶ ಸಿಕ್ಕಿದರೆ ಒಮ್ಮೆ ಕಣ್ಣು ಮುಚ್ಚಿ ಅದರ ಪಂದ್ಯಗಳನ್ನು ಕೇಳಿ. ಬಿಲ್ಲೆಗಳು ಮೇಜಿಗೆ ಬಡಿಯುವ ಸದ್ದನ್ನು ಕಾಳಗದ ಏಟುಗಳ ಲಯದಲ್ಲೇ ಜೋಡಿಸಿದಂತೆ ಕೇಳುತ್ತದೆ.